ಹಾಲು ಬಿಟ್ಟು ಗಟ್ಟಿ ಊಟಕ್ಕೆ ಬರುವುದು ಯಾವಾಗ?

ಬೆಂಗಳೂರಿನ ಯಾವ ಚರ್ಚಿಗೆ ಹೋದರೂ 'ವಿಶ್ವಾಸದಲ್ಲಿ ಬೆಳೆಯಬೇಕು' ಅನ್ನುವ ಮಾತು ಕಿವಿಗೆ ಬೀಳುತ್ತದೆ. ಬೆಳೆದಿದ್ದು ಗೊತ್ತಾಗುವುದು ಹೇಗೆ ಅಂತ ಕೇಳಿ ನೋಡಿ. ಶಿವಾಜಿನಗರದ ಕಥೋಲಿಕರಲ್ಲಿ ಒಂದು ಉತ್ತರ, ಪ್ರೊಟೆಸ್ಟಂಟರ ಹಡ್ಸನ್ ಸರ್ಕಲ್‌ನಲ್ಲಿ ಇನ್ನೊಂದು, ಬಾಡಿಗೆ ಹಾಲ್‌ನಲ್ಲಿ ಆರಾಧನೆ ನಡೆಸುವ ಸಭೆಗಳಲ್ಲಿ ಮತ್ತೊಂದು.

ಗೊಂದಲದ ಬೇರು ಒಂದು ಪದದಲ್ಲಿದೆ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ 'ಟೆಲಿಯೋಸ್' ಅಂದರೆ ವಯಸ್ಸಿಗೆ ಬಂದವನು ಅಂತಲೂ ಆಗುತ್ತದೆ, ಕುಂದಿಲ್ಲದವನು ಅಂತಲೂ ಆಗುತ್ತದೆ. ಹಾಲು ಕೂಸಿಗೆ, ಗಟ್ಟಿ ಆಹಾರ ದೊಡ್ಡವರಿಗೆ ಅನ್ನುವ ಇಬ್ರಿಯ 5ನೇ ಅಧ್ಯಾಯದಲ್ಲಿ ನಮ್ಮ ಹಳೇ ಕನ್ನಡ ಬೈಬಲು 'ಪ್ರಾಯಸ್ಥರು' ಅನ್ನುತ್ತದೆ. ಚೆಂದದ ಪದ. ಪ್ರಾಯಕ್ಕೆ ಬಂದವರು ತಪ್ಪೇ ಮಾಡಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ? ಆದರೆ ಪರಲೋಕದ ತಂದೆಯ ಹಾಗೆ ನೀವೂ ಆಗಿರಿ ಅನ್ನುವ ಮತ್ತಾಯ 5:48ರಲ್ಲೂ ಅದೇ ಗ್ರೀಕ್ ಪದ. ಅಲ್ಲಿ ಹಿಡಿದ ಅರ್ಥ ಪರಿಪೂರ್ಣತೆ.

ಪರಿಪೂರ್ಣತೆ ಹುಡುಕಿದವರು ಈಜಿಪ್ಟಿನ ಮರಳುಗಾಡಿಗೆ ಹೋದರು. ಆಮೇಲೆ ಸಾವಿರ ವರ್ಷ ಅದು ಮಠದವರ ಕೆಲಸವಾಯಿತು. 1529ರಲ್ಲಿ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಮನೆಯ ಯಜಮಾನರಿಗಾಗಿ ಪ್ರಶ್ನೋತ್ತರದ ಚಿಕ್ಕ ಪುಸ್ತಕ ಬರೆದ. ಬೆಳೆಯುವುದು ಅಂದರೆ ಬಾಯಿಪಾಠ ಅಂತಾಗಲು ಜಾಸ್ತಿ ದಿನ ಬೇಕಾಗಲಿಲ್ಲ.

ನನಗೆ ಇಷ್ಟವಾದ ಕಥೆ 1742ರದು, ಇಂಗ್ಲೆಂಡಿನ ಬ್ರಿಸ್ಟಲ್ ಊರಿನದು. ಪ್ರಚಾರಕ ಜಾನ್ ವೆಸ್ಲಿಯ ಅನುಯಾಯಿಗಳಾದ ಮೆಥೊಡಿಸ್ಟರಿಗೆ ಪ್ರಾರ್ಥನಾಮಂದಿರದ ಸಾಲವಿತ್ತು. ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂದ ಒಬ್ಬ. ಬಡವರು ಏನು ಮಾಡಬೇಕು? 'ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಬಿಡಿ. ಅವರ ಕೈಲಾಗದಿದ್ದರೆ ನಾನು ಕೊಡುತ್ತೇನೆ' ಅಂದ. ಹೀಗೆ ಕಾಸು ಎತ್ತಲು ಮನೆ ಮನೆಗೆ ಹೋದವರ ಕಣ್ಣಿಗೆ ಬೇರೆಯೇ ಏನೋ ಬಿತ್ತು. ಒಬ್ಬ ಹೆಂಡತಿ ಜತೆ ಜಗಳಕ್ಕೆ ನಿಂತಿದ್ದ. ಇನ್ನೊಬ್ಬ ಕುಡಿದಿದ್ದ. ವೆಸ್ಲಿ ಥಟ್ಟನೆ ಹಿಡಿದುಕೊಂಡರು: ಇದೇ ಬೇಕಾಗಿದ್ದು. ಹನ್ನೆರಡು ಜನರ 'ಕ್ಲಾಸ್' ಹುಟ್ಟಿದ್ದು ಹೀಗೆ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ವಿಚಾರಿಸುವುದು, ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೆಟ್ ಕೊಡುವುದು. ಪಾಠವಲ್ಲ, ಪರೀಕ್ಷೆಯಲ್ಲ, ಸುಮ್ನೆ 'ಹೇಗಿದ್ದೀಯ?' ಅಂತ ಕೇಳುವುದು, ಉತ್ತರಕ್ಕೆ ಕಾಯುವುದು.

19ನೇ ಶತಮಾನದಲ್ಲಿ ಬೆಂಗಳೂರಿನ ಕನ್ನಡಿಗರ ನಡುವೆ ಕೆಲಸ ಮಾಡಿದ ಮಿಷನ್‌ಗಳಲ್ಲಿ ಇದೇ ವೆಸ್ಲಿಯನ್ ಮಿಷನ್ ಕೂಡ ಒಂದು. ಹಡ್ಸನ್ ಸ್ಮಾರಕ ಚರ್ಚಿನ ಹೆಸರೂ ಆ ಮಿಷನ್ನಿನವರದೇ. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ (ಸಿಎಸ್ಐ) ಈ ಚರ್ಚುಗಳು ಅದರಲ್ಲಿ ಸೇರಿದವು. ಬಿಷಪ್ ಬಂದರು, ಬೆಳೆದ ಮಕ್ಕಳನ್ನು ಪೂರ್ಣ ಸದಸ್ಯರಾಗಿಸುವ ದೃಢೀಕರಣ ಬಂತು. ಕೆಲವು ವಾರ ತರಗತಿ, ಬಿಳಿ ಬಟ್ಟೆ, ತಲೆ ಮೇಲೆ ಬಿಷಪ್ ಕೈ. ನಾನೂ ಹಾಗೇ 'ದೊಡ್ಡವನಾದೆ'. ಫೋಟೋ ಈಗಲೂ ಗೋಡೆ ಮೇಲಿದೆ. ಆಮೇಲೆ ಬಹಳ ವರ್ಷ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಕಥೋಲಿಕರ ಕಡೆ 1964ರಲ್ಲಿ ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ, ಪಾವಿತ್ರ್ಯದ ಕರೆ ಪಾದ್ರಿ-ಸಿಸ್ಟರುಗಳಿಗಷ್ಟೇ ಅಲ್ಲ, ಎಲ್ಲರಿಗೂ ಅಂತ ಹೇಳಿತು. ಬೋಧನೆಯನ್ನು ನಮ್ಮ ನೆಲಕ್ಕೆ ಒಗ್ಗಿಸುವ ರಾಷ್ಟ್ರೀಯ ಕೇಂದ್ರ 1967ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಪೆಂತೆಕೊಸ್ತ್ ಸಭೆಗಳು ಪವಿತ್ರಾತ್ಮನ ಅನುಭವವನ್ನು ಮುಂದಿಟ್ಟವು. ಅದಕ್ಕೂ ಹಸಿವಿತ್ತು.

ಈಗಿನ ಅಳತೆ ಓಡಾಟ. ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಯೂತ್, ಭಾನುವಾರ ಕ್ವಯರ್, ವಾರವಿಡೀ ವಾಟ್ಸಾಪಿನಲ್ಲಿ ವಚನ. 2007ರಲ್ಲಿ ಶಿಕಾಗೋ ಬಳಿಯ ವಿಲೋ ಕ್ರೀಕ್ ಅನ್ನುವ ದೊಡ್ಡ ಚರ್ಚು ತನ್ನವರನ್ನೇ ಸಮೀಕ್ಷೆ ಮಾಡಿ, ಕಾರ್ಯಕ್ರಮಕ್ಕೆ ಜಾಸ್ತಿ ಬಂದವರು ಜಾಸ್ತಿ ಬೆಳೆದಿರುತ್ತಾರೆ ಅನ್ನುವಂತಿಲ್ಲ ಅಂತ ಒಪ್ಪಿಕೊಂಡಿತು. ಇಲ್ಲಿ ಯಾರೂ ಹಾಗೆ ಲೆಕ್ಕ ಹಾಕಿದ್ದನ್ನು ನಾನು ನೋಡಿಲ್ಲ.

ಮೊನ್ನೆ ಆರಾಧನೆ ಮುಗಿದು ಕಾಂಪೌಂಡಿನಲ್ಲಿ ಟೀ ಕುಡಿಯುತ್ತಿದ್ದೆವು. ಗಿಟಾರ್ ಚೀಲ ಹೆಗಲಿಗೇರಿಸಿ ಹೊರಟಿದ್ದ ಹುಡುಗನನ್ನು ಅಜ್ಜಿಯೊಬ್ಬರು ನಿಲ್ಲಿಸಿದರು.

'ನಿಮ್ಮಣ್ಣನ ಹತ್ರ ಮಾತಾಡಿದ್ಯೇನಪ್ಪಾ?'

'ಇನ್ನೂ ಇಲ್ಲ ಅಜ್ಜಿ.'

'ಸರಿ, ಮುಂದಿನ ವಾರ ಕೇಳ್ತೀನಿ' ಅಂದರು.