ಗಿಟಾರಿನ ಸೆಲೆಕ್ಟರ್ ಸ್ವಿಚ್ ಕೆಟ್ಟಾಗ: ದೋಷ ಪತ್ತೆಯ ಟಿಪ್ಪಣಿ

ತುಮಕೂರಿನ ಸುತ್ತಮುತ್ತ ಜಾತ್ರೆ, ಗಣೇಶೋತ್ಸವಗಳ ಬಯಲು ವೇದಿಕೆಯಲ್ಲಿ ನುಡಿಸಿದ ಗಿಟಾರಿನೊಳಗೆ ದೂಳು ಸೇರದೆ ಇರುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಪಿಕಪ್, ಯಾವ ಪಿಕಪ್ ಕೇಳಬೇಕೆಂದು ಆರಿಸುವುದು ಸೆಲೆಕ್ಟರ್ ಸ್ವಿಚ್. ಈ ಸ್ವಿಚ್ಚನ್ನು ಒಂದು ಸ್ಥಾನಕ್ಕೆ ತಳ್ಳಿದೊಡನೆ ಸದ್ದು ನಿಂತರೆ ಕಲಿಯುವವರಲ್ಲಿ ಅನೇಕರು ಪಿಕಪ್ಪೇ ಹೋಯಿತೆಂದು ಭಾವಿಸುತ್ತಾರೆ. ದೋಷ ಸ್ವಿಚ್ಚಿನದ್ದೋ ಪಿಕಪ್ಪಿನದ್ದೋ ಎಂಬುದನ್ನು ಗಿಟಾರನ್ನು ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು.

1954ರಲ್ಲಿ ಬಂದ ಫೆಂಡರ್ ಕಂಪನಿಯ ಮೂರು ಪಿಕಪ್ಪುಗಳ ಗಿಟಾರ್ ಸ್ಟ್ರಾಟೋಕಾಸ್ಟರ್‌ಗೆ ಮೂರು ಸ್ಥಾನಗಳ ಸ್ವಿಚ್ ಇತ್ತು. ವಾದಕರು ಸ್ವಿಚ್ಚಿನ ಸನ್ನೆಯನ್ನು (ಹಿಡಿಕೆಯನ್ನು) ಎರಡು ಸ್ಥಾನಗಳ ನಡುವೆ ನಿಲ್ಲಿಸಿ ಎರಡು ಪಿಕಪ್‌ಗಳನ್ನು ಒಟ್ಟಿಗೆ ನುಡಿಸುತ್ತಿದ್ದುದರಿಂದ 1977ರಲ್ಲಿ ಐದು ಸ್ಥಾನಗಳ ಸ್ವಿಚ್ ಬಂದಿತು. ಇದರ 1, 3, 5ರಲ್ಲಿ ಕ್ರಮವಾಗಿ ಬ್ರಿಡ್ಜ್ (ತಂತಿಗಳ ಬುಡದ ಕಡೆಯದು), ನಡು, ನೆಕ್ (ಗಿಟಾರಿನ ಕತ್ತಿನ ಕಡೆಯದು) ಪಿಕಪ್‌ಗಳು ಒಂಟಿಯಾಗಿಯೂ 2 ಮತ್ತು 4ರಲ್ಲಿ ಅಕ್ಕಪಕ್ಕದ ಎರಡು ಜೊತೆಯಾಗಿಯೂ ಕೆಲಸ ಮಾಡುತ್ತವೆ. ಪತ್ತೆಯ ಕೀಲಿಕೈ ಈ ಜೊತೆ ಸ್ಥಾನಗಳಲ್ಲಿದೆ.

ಆಂಪ್ಲಿಫೈಯರಿನ ಸದ್ದು ತಗ್ಗಿಸಿ, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಿಕಪ್ಪನ್ನೂ ಮೆಲ್ಲಗೆ ತಟ್ಟಿ ನೋಡಬೇಕು. ಚಾಲೂ ಇರುವ ಪಿಕಪ್ ಮಾತ್ರ ಜೋರಾಗಿ 'ಟಕ್' ಎನ್ನುತ್ತದೆ. ನನ್ನ ಗಿಟಾರಿನಲ್ಲಿ 5ನೇ ಸ್ಥಾನ ಮೌನವಾಗಿತ್ತು, ಆದರೆ 4ರಲ್ಲಿ ನೆಕ್ ಪಿಕಪ್ಪನ್ನು ತಟ್ಟಿದರೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಿದ್ದ ಮೇಲೆ ಪಿಕಪ್ಪಾಗಲಿ, ಅದರಿಂದ ಸ್ವಿಚ್ಚಿಗೆ ಬರುವ ತಂತಿಯಾಗಲಿ, ಅಲ್ಲಿನ ಬೆಸುಗೆಯಾಗಲಿ ಕೆಟ್ಟಿರಲಿಲ್ಲ. ಸ್ವಿಚ್ಚಿನ ಒಳಗಿನ ತಗಡು ಕೊನೆಯ ಸ್ಥಾನದಲ್ಲಿ ಸಂಪರ್ಕಕ್ಕೆ ಬರುತ್ತಿರಲಿಲ್ಲ. 4ರಲ್ಲೂ ನೆಕ್ ಮೌನವಾಗಿದ್ದಿದ್ದರೆ ಆ ಮೂರನ್ನೇ ಮೊದಲು ಅನುಮಾನಿಸಬೇಕಿತ್ತು.

ವಿದ್ಯುತ್ ರೋಧವನ್ನು ಅಳೆಯುವ ಮಲ್ಟಿಮೀಟರ್ ಇದನ್ನು ಅಂಕಿಯಲ್ಲಿ ತೋರಿಸುತ್ತದೆ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮನ್ನು ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ಪ್ಲಗ್ಗಿನ ತುದಿಗೂ ಬುಡಕ್ಕೂ ಮೀಟರಿನ ಕಡ್ಡಿಗಳನ್ನು ಹಿಡಿಯಬೇಕು. ಸಾಮಾನ್ಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಒಂಟಿಯಾಗಿದ್ದಾಗ ಸುಮಾರು 6 ಕಿಲೋ ಓಮ್, ಎರಡು ಸಮಾಂತರವಾಗಿದ್ದಾಗ ಸುಮಾರು 3 ಬರುತ್ತದೆ. ಸಂಪರ್ಕವೇ ಇಲ್ಲದಿದ್ದರೆ ಉಳಿಯುವುದು ವಾಲ್ಯೂಮ್ ನಿಯಂತ್ರಕದ ಸುಮಾರು 250 ಕಿಲೋ ಓಮ್ ಮಾತ್ರ. ಸನ್ನೆಯನ್ನು ಬೆರಳಿನಿಂದ ಅಲುಗಿಸಿದಾಗ ಅಂಕಿ ಕುಣಿದರೆ ಸ್ವಿಚ್ಚಿನ ಮೇಲಿನ ಅನುಮಾನ ಬಲವಾಗುತ್ತದೆ.

ಕೂಡಲೇ ಹೊಸ ಸ್ವಿಚ್ ಕೊಳ್ಳಬೇಕಿಲ್ಲ. ನನ್ನದರಲ್ಲಿ ಸ್ವಿಚ್ಚಿನ ಎರಡು ಸ್ಕ್ರೂಗಳು ಸಡಿಲಗೊಂಡು, ಸ್ವಿಚ್ ಕೊಂಚ ಸರಿದು, ಸನ್ನೆಯು 5ನ್ನು ಪೂರ್ತಿ ತಲುಪುವ ಮೊದಲೇ ಪಿಕ್‌ಗಾರ್ಡಿನ (ಗಿಟಾರಿನ ಮುಖದ ಮೇಲಿನ ರಕ್ಷಣಾ ಹಲಗೆಯ) ಸೀಳಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು. ಸರಿಯಾಗಿ ಕೂರಿಸಿ ಬಿಗಿದೊಡನೆ ನೆಕ್ ಪಿಕಪ್ ದನಿಗೂಡಿತು. ಕೊಳೆಯೇ ಕಾರಣವಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರನ್ನು ಒಂದಿಷ್ಟು ಚಿಮ್ಮಿಸಿ ಸನ್ನೆಯನ್ನು ಇಪ್ಪತ್ತು ಮೂವತ್ತು ಸಲ ಆಡಿಸಬೇಕು. ಹೊಲಿಗೆ ಯಂತ್ರದ ಎಣ್ಣೆಯನ್ನು ಎಂದಿಗೂ ಬಿಡಬಾರದು, ಅದು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಒಳಗಿನ ತಗಡಿನ ಲೇಪನ ಸವೆಯುತ್ತದೆ.

ಬದಲಿಸಲೇಬೇಕಾದರೆ ಬೆಸುಗೆ ಬಿಡಿಸುವ ಮುನ್ನ ಯಾವ ತಂತಿ ಎಲ್ಲಿಗೆ ಹೋಗಿದೆಯೆಂದು ಚಿತ್ರ ಬರೆದಿಡಿ. ತೆರೆದ ಸ್ವಿಚ್ಚಿನ ಕಾಲುಗಳ ಕ್ರಮವೂ ಪೆಟ್ಟಿಗೆಯಾಕಾರದ ಸ್ವಿಚ್ಚಿನ ಕ್ರಮವೂ ಬೇರೆ ಬೇರೆಯಾದ್ದರಿಂದ, ಹೊಸದರ ಯಾವ ಕಾಲು ಯಾವ ಸ್ಥಾನದಲ್ಲಿ ಕೂಡುತ್ತದೆ ಎಂಬುದನ್ನು ಮೀಟರಿನಿಂದ ನೋಡಿಕೊಂಡ ಮೇಲೆಯೇ ಬೆಸೆಯಬೇಕು.