ಕದನವಿರಾಮದ ನಂತರದ ಕಾಯಿಲೆ

ಕಾರವಾರದ ಕಡಲತೀರದಲ್ಲಿ ದಡಕ್ಕೆ ತಂದು ನಿಲ್ಲಿಸಿದ ಚಪಲ್ ಯುದ್ಧನೌಕೆಯಿದೆ. ಅರಗಾದಲ್ಲಿ ಕದಂಬ ನೌಕಾನೆಲೆಯಿದೆ. ಚೆಂಡಿಯಾದ ರಾಮ ರಾಘೋಬ ರಾಣೆ 1948ರಲ್ಲಿ ನೌಶೇರಾ–ರಜೌರಿ ದಾರಿಯ ನೆಲಬಾಂಬುಗಳನ್ನು ತೆಗೆದು ಪರಮವೀರ ಚಕ್ರ ಪಡೆದರು. ಯುದ್ಧದ ಶೌರ್ಯವನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯುದ್ಧ ಕಂಡವರ ನಿದ್ದೆ, ದಾಂಪತ್ಯ, ಲೈಂಗಿಕ ಆರೋಗ್ಯದ ಮಾತು ಬಂದಾಗ ಮಾತ್ರ ಕರಾವಳಿಯಿರಲಿ, ಘಟ್ಟದ ಮೇಲಿರಲಿ, ದನಿ ತಗ್ಗುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಜಾಹೀರಾತಿನಲ್ಲಿ ಇವತ್ತಿಗೂ ಲೈಂಗಿಕ ರೋಗದ ಹೆಸರು ‘ಗುಪ್ತರೋಗ’. ಗುಪ್ತವಾಗಿಟ್ಟಷ್ಟೂ ಹರಡುವ ಕಾಯಿಲೆಗೆ ಇದಕ್ಕಿಂತ ಕೆಟ್ಟ ಹೆಸರು ಸಿಗಲಾರದು.

ಈ ಗುಟ್ಟಿನ ಹಿಂದೆ ಸರ್ಕಾರದ ಕೈಯೂ ಇದೆ. 1857ರ ನಂತರ ಬ್ರಿಟಿಷ್ ಸೈನಿಕರ ಸಂಖ್ಯೆ ಹೆಚ್ಚಿ, ದಂಡು ಪ್ರದೇಶಗಳಲ್ಲಿ ಸಿಫಿಲಿಸ್, ಗೊನೊರಿಯಾ ಎಂಬ ಲೈಂಗಿಕ ರೋಗಗಳು ಹಬ್ಬಿದವು. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗ ಕಾಯ್ದೆ ಹಿಡಿದದ್ದು ವೇಶ್ಯೆಯರೆಂದು ಗುರುತಿಸಿದ ಹೆಂಗಸರನ್ನು ಮಾತ್ರ: ಹೆಸರು ನೋಂದಾಯಿಸು, ಬಲವಂತವಾಗಿ ಪರೀಕ್ಷಿಸು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕು. ಸೈನಿಕನಿಗೆ ಇಂಥ ನಿರ್ಬಂಧವಿರಲಿಲ್ಲ. ಹರಡುವ ಇಬ್ಬರಲ್ಲಿ ಒಬ್ಬರನ್ನು ಬಿಟ್ಟು ರೋಗ ಹಿಡಿಯಲು ಹೊರಟರೆ ಆಗುವುದೇ ಆಯಿತು. ಹೆಂಗಸರು ಅಡಗಿಕೊಂಡರು, ರೋಗ ಉಳಿಯಿತು. 1888ರಲ್ಲಿ ಕಾಯ್ದೆ ರದ್ದಾಯಿತು. ‘ರೋಗ ತರುವವಳು ಅವಳು’ ಎಂಬ ನಂಬಿಕೆ ರದ್ದಾಗಲಿಲ್ಲ.

ಮನಸ್ಸಿನ ಗಾಯಕ್ಕೆ ಹೆಸರು ಸಿಕ್ಕಿದ್ದು ಇನ್ನೂ ತಡವಾಗಿ. 1915ರಲ್ಲಿ ‘ಶೆಲ್ ಶಾಕ್’ ಎಂಬ ಪದ ವೈದ್ಯಕೀಯ ಪತ್ರಿಕೆಗೆ ಬಂತು. ಅದೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಬಾರಿ ಲೈಂಗಿಕ ರೋಗಕ್ಕಾಗಿ ಸೈನಿಕರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡಕ್ಕೂ ನಂಟಿದೆಯೇ ಎಂಬ ಪ್ರಶ್ನೆಗೆ ಆಗ ಜಾಗವಿರಲಿಲ್ಲ. ಒಂದನ್ನು ಹೇಡಿತನ ಎಂದರು, ಇನ್ನೊಂದನ್ನು ದುರ್ನಡತೆ ಎಂದರು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿ ಸೇರಿದ್ದು ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ.

1971ರಲ್ಲಿ ಬಾಂಗ್ಲಾದೇಶದಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರು 2ರಿಂದ 4 ಲಕ್ಷ ಎಂಬ ಅಂದಾಜಿದೆ. ಸರ್ಕಾರ ಅವರಿಗೆ ‘ಬೀರಾಂಗನಾ’ ಎಂಬ ಗೌರವದ ಹೆಸರಿಟ್ಟಿತು. ಎಷ್ಟೋ ಮನೆಗಳು ಆ ಹೆಸರನ್ನೇ ಗುರುತಾಗಿಸಿಕೊಂಡು ಅವರನ್ನು ಹೊರಗಿಟ್ಟವು. 1994ರ ರುವಾಂಡಾ ನರಮೇಧದಲ್ಲಿ ಅತ್ಯಾಚಾರದ ಜೊತೆ ಎಚ್‌ಐವಿಯೂ ಬಂತು. ಅತ್ಯಾಚಾರ ನರಮೇಧದ ಅಂಗವಾಗಬಲ್ಲದು ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ಮೊದಲ ಬಾರಿ ತೀರ್ಪಿತ್ತದ್ದು 1998ರ ಸೆಪ್ಟೆಂಬರ್ 2ರಂದು, ರುವಾಂಡಾದ ಮೇಯರನಾಗಿದ್ದ ಅಕಾಯೆಸುವಿನ ಪ್ರಕರಣದಲ್ಲಿ. ಆದರೆ ಮೊದಲ ವರ್ಷಗಳಲ್ಲಿ ಟಾಂಜಾನಿಯಾದ ಅರೂಷಾದಲ್ಲಿ ಆ ನ್ಯಾಯಮಂಡಳಿಯ ಬಂಧನದಲ್ಲಿದ್ದ ಆರೋಪಿಗಳಿಗೆ ಸಿಕ್ಕ ಎಚ್‌ಐವಿ ಔಷಧ, ಊರಲ್ಲಿ ಸಾಯುತ್ತಿದ್ದ ಹೆಂಗಸರಿಗೆ ಸಿಗಲಿಲ್ಲ. ಇದನ್ನು ಮರೆಯಬಾರದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಯುದ್ಧವಾದಲ್ಲೆಲ್ಲ ಎಚ್‌ಐವಿ ಏರುತ್ತದೆ ಎಂಬ ಮಾತಿಗೆ ಪುರಾವೆ ಸಾಲದು ಎಂದು ಆಫ್ರಿಕಾದ 7 ದೇಶಗಳ ಅಂಕಿಅಂಶ ನೋಡಿದ ಪರಿಶೀಲನೆಯೊಂದು 2007ರಲ್ಲಿ ತೋರಿಸಿತು. 27 ವರ್ಷ ಕಾದಾಡಿದ ಅಂಗೋಲಾದಲ್ಲಿ ಸೋಂಕು ನೆರೆಯ ಜಾಂಬಿಯಾ, ನಮೀಬಿಯಾಗಳಿಗಿಂತ ಕಡಿಮೆಯೇ ಇತ್ತು. ರಸ್ತೆ ಮುಚ್ಚಿದ್ದರಿಂದ ಜನರ ಓಡಾಟ ನಿಂತದ್ದು ಇದಕ್ಕೊಂದು ಮುಖ್ಯ ಕಾರಣ ಎನ್ನಲಾಗುತ್ತದೆ. ಹಾಗಾಗಿ ಕದನವಿರಾಮದ ನಂತರದ ದಿನಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಲಾರಿಗಳು ಓಡತೊಡಗುತ್ತವೆ, ಸೈನಿಕರು ಕೈಯಲ್ಲಿ ದುಡ್ಡು ಹಿಡಿದು ಮನೆಗೆ ಹೊರಡುತ್ತಾರೆ, ನಿರಾಶ್ರಿತರು ಮರಳುತ್ತಾರೆ, ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಯಲ್ಲಿ ಅಕ್ಕಿಗೂ ದಾರಿಯಿರುವುದಿಲ್ಲ. ಆಸ್ಪತ್ರೆ ಮಾತ್ರ ಇನ್ನೂ ತೆರೆದಿರುವುದಿಲ್ಲ.

ಮನೋಗಾಯ ಸೇರಿಕೊಳ್ಳುವುದು ಇಲ್ಲಿಯೇ. ಸದಾ ಎಚ್ಚರದಲ್ಲಿರುವ ಮೈಗೆ ನಿದ್ದೆ ಬಾರದು, ನಿದ್ದೆಗಾಗಿ ಕುಡಿತ. ಕುಡಿದಾಗ ಕಾಂಡೋಮ್ ಮರೆಯುತ್ತದೆ. ‘ನಾಳೆ ಬದುಕಿರುತ್ತೇನೋ ಇಲ್ಲವೋ’ ಎಂದು ವರ್ಷಗಟ್ಟಲೆ ಕಳೆದವರಿಗೆ ಹತ್ತು ವರ್ಷದ ನಂತರ ಬರಬಹುದಾದ ರೋಗ ಲೆಕ್ಕಕ್ಕೇ ಬರುವುದಿಲ್ಲ. ದೌರ್ಜನ್ಯ ಅನುಭವಿಸಿದವರಲ್ಲಿ ಬೇಡ ಎನ್ನಬೇಕಾದ ಕ್ಷಣದಲ್ಲಿ ಮೈ ಮರಗಟ್ಟಿ ಮಾತೇ ಹೊರಡದಿರಬಹುದು. ಅದನ್ನು ಒಪ್ಪಿಗೆ ಎಂದು ಓದಿಕೊಳ್ಳುವವರಿಗೆ ಕೊರತೆಯಿಲ್ಲ. ಇನ್ನು ಕೆಲವರಿಗೆ ಆಸೆಯೇ ಇಂಗಿಹೋಗುತ್ತದೆ, ನಿಮಿರುವಿಕೆ ಕಷ್ಟವಾಗುತ್ತದೆ. ಪಿಟಿಎಸ್‌ಡಿಗೆ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆಯೂ ಹೀಗೇ ಮಾಡಬಲ್ಲದು. ವೈದ್ಯರು ಮೊದಲೇ ಹೇಳದಿದ್ದರೆ ರೋಗಿ ಸದ್ದಿಲ್ಲದೆ ಮಾತ್ರೆ ಬಿಡುತ್ತಾನೆ.

ಲೈಂಗಿಕ ದೌರ್ಜನ್ಯದ ನಂತರ ಮಾಡಬೇಕಾದ ಚಿಕಿತ್ಸೆ ಯುದ್ಧ ಕಂಡ ಕಾಂಗೋದ ಬುಕಾವುವಿನಲ್ಲೂ ಅದೇ, ಶಿರಸಿಯಲ್ಲೂ ಅದೇ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಮೊದಲ 2 ಗಂಟೆಯಲ್ಲಾದರೆ ಉತ್ತಮ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಗರ್ಭ ನಿಲ್ಲದಂತೆ ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಆದಷ್ಟು ಬೇಗ; 120 ಗಂಟೆಯವರೆಗೂ ಪ್ರಯತ್ನಿಸಬಹುದು, ತಡವಾದಷ್ಟೂ ಫಲ ಕಡಿಮೆ. ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಹೆಪಟೈಟಿಸ್-ಬಿ ಲಸಿಕೆಯನ್ನೂ ಅಂದೇ ಆರಂಭಿಸಬೇಕು. ಗೊನೊರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳು ಹೆಂಗಸರಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳವನ್ನು ಕೆಡಿಸುತ್ತವೆ. ಹಾಗಾಗಿ ಬಿಳಿಸ್ರಾವ ಕಾಣಲಿ ಎಂದು ಕಾಯುವುದು ತಪ್ಪು.

ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಒಂದು ದಿನ ಅಲ್ಲೇ ಹೋಯಿತು. ಜೊಯಿಡಾದ ಒಳಹಳ್ಳಿಗಳಲ್ಲಿ ಮುಖ್ಯರಸ್ತೆಗೆ ಬರುವುದೇ ಒಂದು ಪ್ರಯಾಣ. ಅದಕ್ಕೇ ಮೊದಲ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂಬ ಚೀಟಿ 72 ಗಂಟೆಯನ್ನು ನುಂಗುತ್ತದೆ. ಆಸ್ಪತ್ರೆ ಸರ್ಕಾರಿಯಿರಲಿ, ಖಾಸಗಿಯಿರಲಿ, ಅತ್ಯಾಚಾರಕ್ಕೊಳಗಾದವರಿಗೆ ಉಚಿತವಾಗಿ ತಕ್ಷಣ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಎಫ್‌ಐಆರ್ ತನ್ನಿ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಹೆಂಗಸಿಗೆ ಮೊದಲೇ ಲೈಂಗಿಕ ಅನುಭವವಿತ್ತೇ ಎಂದು ಯೋನಿಯಲ್ಲಿ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಕ್ಯಾಂಪ್ ಇರುವ ಜಿಲ್ಲೆ ಇದು. ಭಾಷೆ ಬಾರದವರು ಬಂದಾಗ ಅನುವಾದಕ್ಕೆ ಮನೆಯವರನ್ನು ಕೂರಿಸಬಾರದು. ಮನೆಯವರೆದುರು ಹೇಳಲಾಗದ್ದೇ ಅಲ್ಲಿ ಹೇಳಬೇಕಾದದ್ದಾಗಿರುತ್ತದೆ.

ಪರೀಕ್ಷೆ ಮಾಡುವಾಗ ಮುಂದಿನ ಹೆಜ್ಜೆ ಏನೆಂದು ಮೊದಲೇ ಹೇಳಿ, ‘ಸಾಕು’ ಎಂದ ಕೂಡಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಪರೀಕ್ಷೆಯ ಮೇಜಿನ ಮೇಲೆ ಹಳೆಯ ಘಟನೆಯೇ ಮರಳಿ ನಡೆದಂತಾಗುತ್ತದೆ, ಆಕೆ ಎರಡನೇ ಸಲ ಬರುವುದಿಲ್ಲ. ‘ಶಾಂತವಾಗಲಿ’ ಎಂದು ಮೊದಲ ತಿಂಗಳಲ್ಲಿ ಡಯಾಜೆಪಾಂನಂಥ ನಿದ್ದೆಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನಡೆದದ್ದನ್ನು ಬಾಯಿಬಿಡಿಸುವ ಆತುರವೂ ಬೇಡ. ಪಿಇಪಿ ಅರ್ಧಕ್ಕೆ ನಿಲ್ಲಲು ವಾಕರಿಕೆ ಒಂದು ಕಾರಣ, ಮಾತ್ರೆಯ ಡಬ್ಬಿ ಮನೆಯವರ ಕಣ್ಣಿಗೆ ಬಿದ್ದೀತೆಂಬ ಹೆದರಿಕೆ ಇನ್ನೊಂದು. ಊಟದ ಜೊತೆ ತೆಗೆದುಕೊಳ್ಳಲು ಹೇಳಿ, ಗುರುತು ಹತ್ತದ ಪೊಟ್ಟಣದಲ್ಲಿ ಕೊಟ್ಟರೆ ಎರಡೂ ತಗ್ಗುತ್ತವೆ. ಎಚ್‌ಐವಿ ಪರೀಕ್ಷೆ ಅಂದು, 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ. ಪ್ರತಿ ಸಲವೂ ರಕ್ತ ತೆಗೆಯುವ ಮೊದಲು ನಿದ್ದೆ ಹೇಗಿದೆ ಎಂದು ಕೇಳಬೇಕು. ನಿದ್ದೆಯಿಲ್ಲ ಎಂದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಲ್ಲಿಂದಲೇ ಕರೆ ಹಚ್ಚಿಕೊಡಬೇಕು, ಕನ್ನಡದಲ್ಲೇ ಮಾತಾಡಬಹುದು.