ಹಳೇ ಟೂರಿಂಗ್ ಕಾರ್ ರೇಸ್ ನಿಜಕ್ಕೂ ಅಷ್ಟು ಚೆನ್ನಾಗಿತ್ತಾ?

ಓದುಗರ ಪ್ರಶ್ನೆ: ರೇಸ್ ಹುಚ್ಚಿರುವ ಹಿರಿಯರ ಮುಂದೆ 90ರ ದಶಕದ ಬ್ರಿಟಿಷ್ ಟೂರಿಂಗ್ ಕಾರುಗಳ ಮಾತೆತ್ತಿದರೆ ಸಾಕು, "ಆ ಕಾಲವೇ ಬೇರೆ ಬಿಡಿ" ಅಂತಾರೆ. ಆಗಿನ ರೇಸ್ ಈಗಿನದಕ್ಕಿಂತ ನಿಜವಾಗಿಯೂ ಚೆನ್ನಾಗಿತ್ತಾ? ಅಥವಾ ಇವರಿಗೆಲ್ಲ ವಯಸ್ಸಾಗಿದೆ, ಅಷ್ಟೇನಾ?

ಉತ್ತರ: ವಯಸ್ಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸೊಂದೇ ಕಾರಣ ಆಗಿದ್ದರೆ ಒಬ್ಬೊಬ್ಬರೂ ತಮ್ಮ ತಮ್ಮ ಹರೆಯದ ಕಾಲವನ್ನೇ ಹೊಗಳಬೇಕಿತ್ತು. ಇಲ್ಲಿ ಹಾಗಿಲ್ಲ. 2000ದ ನಂತರ ಹುಟ್ಟಿದ ಹುಡುಗರು ಕೂಡ 1991ರಿಂದ 2000ದವರೆಗಿನ ಆ ಹತ್ತು ವರ್ಷಗಳ ವಿಡಿಯೋಗಳನ್ನೇ ಹುಡುಕಿ ನೋಡುತ್ತಾರೆ. ಅದಕ್ಕೆ 'ಸೂಪರ್ ಟೂರಿಂಗ್' ಕಾಲ ಅಂತ ಹೆಸರು. ಅಲ್ಲಿ ಏನೋ ಇತ್ತು, ನಿಜ. ಏನಿತ್ತು ಅನ್ನುವ ವಿಷಯದಲ್ಲಿ ಮಾತ್ರ ನನಗೆ ಅಭಿಮಾನಿಗಳ ಜತೆ ಸ್ವಲ್ಪ ತಕರಾರಿದೆ.

ಹೊಸಬರಿಗೆ ಮೊದಲು ಒಂದು ಮಾತು. ಫಾರ್ಮುಲಾ ಒನ್ ಕಾರು ಹುಟ್ಟುವುದೇ ರೇಸಿಗೆ. ಅದರಲ್ಲಿ ಕೂತು ತರಕಾರಿ ತರೋಕೆ ಹೋಗಲು ಆಗುವುದಿಲ್ಲ. ಟೂರಿಂಗ್ ಕಾರು ಹಾಗಲ್ಲ, ಶೋರೂಮಿನಲ್ಲಿ ನಿಂತಿರುವ ಮಾಮೂಲಿ ಮನೆ ಕಾರೇ ರೇಸಿಗೆ ಇಳಿಯುವುದು. ಬ್ರಿಟನ್ನಿನಲ್ಲಿ ಈ ಚಾಂಪಿಯನ್‌ಷಿಪ್ 1958ರಿಂದಲೇ ಇದೆ. ಆದರೆ ಬಹಳ ಕಾಲ ಅದರಲ್ಲೊಂದು ಗೊಂದಲ ಇತ್ತು. ದೊಡ್ಡ ಎಂಜಿನ್, ಸಣ್ಣ ಎಂಜಿನ್ ಕಾರುಗಳೆಲ್ಲ ಒಟ್ಟಿಗೇ ಓಡುತ್ತಿದ್ದವು, ಪಾಯಿಂಟ್ ಮಾತ್ರ ಅವರವರ ಕ್ಲಾಸಿನ ಲೆಕ್ಕದಲ್ಲಿ ಸಿಗುತ್ತಿತ್ತು. 1989ರಲ್ಲಿ ಫೋರ್ಡ್ ಸಿಯೆರಾ ಆರ್‌ಎಸ್500 ಕಾರುಗಳು ಮುಂದೆ ಅಬ್ಬರಿಸುತ್ತಾ ಹೋದವು. ಚಾಂಪಿಯನ್ ಆದದ್ದು ಹಿಂದೆ ಸಣ್ಣ ವಾಕ್ಸ್‌ಹಾಲ್ ಆಸ್ಟ್ರಾದಲ್ಲಿ ತಮ್ಮ ಕ್ಲಾಸ್ ಗೆಲ್ಲುತ್ತಾ ಬಂದ ಜಾನ್ ಕ್ಲೀಲ್ಯಾಂಡ್! ನಿಯಮದ ಪ್ರಕಾರ ಸರಿ. ಆದರೆ ಟಿವಿ ಮುಂದೆ ಕೂತವರಿಗೆ ಇದನ್ನು ಹೇಗೆ ಅರ್ಥ ಮಾಡಿಸುತ್ತೀರಿ?

1991ರಿಂದ ಎಲ್ಲ ಕ್ಲಾಸುಗಳನ್ನೂ ತೆಗೆದು ಒಂದೇ ನಿಯಮ ಇಟ್ಟರು. ಎರಡು ಲೀಟರ್ ಎಂಜಿನ್, ಟರ್ಬೊ ಇಲ್ಲ, ಎಂಜಿನ್ ನಿಮಿಷಕ್ಕೆ 8,500 ಸುತ್ತು (ಆರ್‌ಪಿಎಂ) ದಾಟುವಂತಿಲ್ಲ. ಮೊದಲು ಬಂದವನೇ ಗೆದ್ದವನು. ಈ ಬದಲಾವಣೆಯ ಹಿಂದೆ ನಾಲ್ಕು ಸಲ ಚಾಂಪಿಯನ್ ಆಗಿದ್ದ ಆಂಡಿ ರೌಸ್ ಅವರ ಕೈ ದೊಡ್ಡದು. ಯಾವುದೇ ಕಂಪನಿಯ ಹತ್ತಿರ ಎರಡು ಲೀಟರಿನ ನಾಲ್ಕು ಬಾಗಿಲಿನ ಕಾರೊಂದು ಇದ್ದೇ ಇರುತ್ತದೆ, ಅಲ್ವಾ? ಕಂಪನಿಗಳು ಸಾಲುಗಟ್ಟಿ ಬಂದವು. 1994ರ ಹೊತ್ತಿಗೆ ಆಲ್ಫಾ ರೋಮಿಯೊ, ಬಿಎಂಡಬ್ಲ್ಯು, ಫೋರ್ಡ್, ಮಾಜ್ದಾ, ನಿಸಾನ್, ಪ್ಯೂಜೊ, ರೆನೊ, ಟೊಯೋಟಾ, ವಾಕ್ಸ್‌ಹಾಲ್, ವೋಲ್ವೊ ಎಲ್ಲವೂ ಒಂದೇ ಗ್ರಿಡ್‌ನಲ್ಲಿ ನಿಂತಿದ್ದವು. ಈ ನಿಯಮವನ್ನೇ ಸ್ವಲ್ಪ ತಿದ್ದಿ ಜರ್ಮನಿ, ಇಟಲಿ, ಫ್ರಾನ್ಸ್, ಸ್ವೀಡನ್, ಜಪಾನ್, ಆಸ್ಟ್ರೇಲಿಯಾದವರೂ ತಮ್ಮಲ್ಲಿ ತಂದುಕೊಂಡರು.

ವೋಲ್ವೊ ಕಥೆ ಹೇಳದೆ ಮುಂದೆ ಹೋದರೆ ಯಾವ ಅಭಿಮಾನಿಯೂ ನನ್ನನ್ನು ಬಿಡುವುದಿಲ್ಲ. ವೋಲ್ವೊ ಅಂದರೆ ಆಗ ನಿವೃತ್ತ ಮೇಷ್ಟ್ರ ಕಾರು. ಭದ್ರ, ಚೌಕಾಕಾರ, ಬೋರು. 1994ರಲ್ಲಿ ಅವರು ಟಾಮ್ ವಾಕಿನ್‌ಶಾ ಅವರ ಟಿಡಬ್ಲ್ಯುಆರ್ ತಂಡದ ಜತೆ ಸೇರಿ ರೇಸಿಗೆ ಇಳಿಸಿದ್ದು 850 ಎಸ್ಟೇಟ್ ಕಾರನ್ನು. ಎಸ್ಟೇಟ್ ಅಂದರೆ ಹಿಂದುಗಡೆ ಛಾವಣಿ ಕೊನೆಯವರೆಗೂ ಚಾಚಿಕೊಂಡಿರುವ, ಸಾಮಾನು ಸಾಗಿಸುವ ಉದ್ದನೆಯ ಕಾರು. ರಿಕಾರ್ಡ್ ರಿಡೆಲ್ ಮತ್ತು ಯಾನ್ ಲಾಮರ್ಸ್ ಅದನ್ನು ಓಡಿಸಿದರು. ಲಾಮರ್ಸ್ ಅದಕ್ಕಿಂತ ಮೊದಲು 1988ರಲ್ಲಿ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿದ್ದವರು. ಅಂಥವರ ಕೈಗೆ ಈ ಗಾಡಿ! ಬೇರೆ ತಂಡದವರು ನಕ್ಕರು. ವೋಲ್ವೊದವರು ಕೋಪ ಮಾಡಿಕೊಳ್ಳಲಿಲ್ಲ. ಒಂದು ರೇಸಿನ ದಿನ ಮೆರವಣಿಗೆಯ ಸುತ್ತು ಹೊರಟಾಗ ಕಾರಿನ ಹಿಂದುಗಡೆ ಒಂದು ದೊಡ್ಡ ಬೊಂಬೆ ನಾಯಿಯನ್ನು ಕೂರಿಸಿಕೊಂಡು ಹೋದರು.

ಆ ವರ್ಷ ಎಸ್ಟೇಟ್ ಕಾರು ಒಂದು ಸಲವೂ ಪೋಡಿಯಂ ಹತ್ತಲಿಲ್ಲ, ಅಂದರೆ ಮೊದಲ ಮೂರರಲ್ಲಿ ಬರಲಿಲ್ಲ. ಮುಂದಿನ ವರ್ಷ ಅವರು ಮಾಮೂಲಿ ಸೆಡಾನ್ ತಂದರು, ರಿಡೆಲ್ ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯವರಾದರು, 1998ರಲ್ಲಿ ಎಸ್40 ಓಡಿಸಿ ಚಾಂಪಿಯನ್ನೂ ಆದರು. ಆದರೆ ಇವತ್ತು ಯಾರನ್ನು ಕೇಳಿದರೂ ನೆನಪಿರುವುದು ಗೆದ್ದ ಎಸ್40 ಅಲ್ಲ, ಸೋತ ಎಸ್ಟೇಟ್. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎಸ್ಟೇಟ್ ಓಡಿದ 1994ರಲ್ಲೇ ಆಲ್ಫಾದವರ ಚಾಲಾಕಿತನ ಇನ್ನೊಂದು ಬಗೆಯದು. ಜನರಿಗೆ ಮಾರುವ ಕಾರಿನಲ್ಲಿ ಇರುವ ರೆಕ್ಕೆಯನ್ನು (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಪಟ್ಟಿ) ಮಾತ್ರ ರೇಸ್ ಕಾರಿಗೂ ಹಾಕಬಹುದು ಅಂತ ನಿಯಮ. ಆಲ್ಫಾದವರು 155 ಕಾರಿನ ಒಂದು ವಿಶೇಷ ಮಾದರಿಯನ್ನೇ ಮಾರಾಟಕ್ಕೆ ಬಿಟ್ಟರು. ಹಿಂದಿನ ರೆಕ್ಕೆಯನ್ನು ಎತ್ತರಿಸುವ ತುಂಡುಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿ ಕೊಟ್ಟರು! ಕಾರಿನ ಜತೆಗೇ ಬಂದಿದೆ ತಾನೇ, ನಿಯಮ ಮುರಿದಿಲ್ಲವಲ್ಲ ಅನ್ನುವ ವಾದ. ಅವರ ಡ್ರೈವರ್ ಗೇಬ್ರಿಯೆಲ್ ಟಾರ್ಕ್ವಿನಿ ಸೀಸನ್ನಿನ ಶುರುವಿನಲ್ಲಿ ಒಂದರ ಹಿಂದೊಂದು ರೇಸ್ ಗೆಲ್ಲತೊಡಗಿದರು. ಉಳಿದ ತಂಡಗಳು ದೂರು ಕೊಟ್ಟವು. ಔಲ್ಟನ್ ಪಾರ್ಕ್ ಟ್ರ್ಯಾಕಿನಲ್ಲಿ ಜಗಳ ಜೋರಾಗಿ ಆಲ್ಫಾ ತಂಡ ಗಂಟುಮೂಟೆ ಕಟ್ಟಿಕೊಂಡು ಹೊರಟೇಹೋಯಿತು. ಆಮೇಲೆ ರಾಜಿಯಾಗಿ ವಾಪಸ್ ಬಂದರು, ಟಾರ್ಕ್ವಿನಿ ಚಾಂಪಿಯನ್ ಆದರು. 1995ರಿಂದ ರೆಕ್ಕೆ ಎಲ್ಲರಿಗೂ ಬಂತು.

ಇನ್ನು 1992ರ ಸಿಲ್ವರ್‌ಸ್ಟೋನ್ ಟ್ರ್ಯಾಕು. ಕೊನೆಯ ರೇಸು, ಪ್ರಶಸ್ತಿಗೆ ಮೂವರು: ವಾಕ್ಸ್‌ಹಾಲ್ ಕ್ಯಾವಲಿಯರ್‌ನಲ್ಲಿ ಕ್ಲೀಲ್ಯಾಂಡ್, ಟೊಯೋಟಾ ಕರೀನಾದಲ್ಲಿ ವಿಲ್ ಹಾಯ್, ಬಿಎಂಡಬ್ಲ್ಯುನಲ್ಲಿ ಟಿಮ್ ಹಾರ್ವಿ. ಹಾರ್ವಿಯ ತಂಡದವರೇ ಆದ ಸ್ಟೀವ್ ಸೋಪರ್ ಶುರುವಿನಲ್ಲೇ ಪೆಟ್ಟು ತಿಂದು ಕೊನೆಗೆ ಬಿದ್ದಿದ್ದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಮೇಲೆ ಬಂದರು. ಹಾರ್ವಿಯನ್ನು ಮುಂದೆ ಬಿಟ್ಟು ಕ್ಲೀಲ್ಯಾಂಡ್‌ಗೆ ಅಡ್ಡ ನಿಂತರು. ಕ್ಲೀಲ್ಯಾಂಡ್ ನುಗ್ಗಿ ದಾಟಿದರು, ಕಾರು ಎರಡು ಚಕ್ರದ ಮೇಲೆ ಎದ್ದಿತು, ಒಳಗಿನಿಂದಲೇ ಸೋಪರ್ ಕಡೆಗೆ ಬೆರಳು ತೋರಿಸಿದರು. ಅದು ಸಭ್ಯ ಬೆರಳಲ್ಲ. ಕಾಮೆಂಟರಿ ಹೇಳುತ್ತಿದ್ದ ಮರ್ರಿ ವಾಕರ್, ನಾನೀಗ ಮೊದಲ ಸ್ಥಾನಕ್ಕೆ ಹೋಗ್ತೀನಿ ಅಂತ ಕ್ಲೀಲ್ಯಾಂಡ್ ಹೇಳ್ತಿದ್ದಾರೆ ಎಂದು ಅದಕ್ಕೆ ಮರ್ಯಾದೆಯ ಅರ್ಥ ಹಚ್ಚಿದರು. ಮುಂದಿನ ತಿರುವಿನಲ್ಲೇ ಸೋಪರ್ ಒಳಗೆ ನುಗ್ಗಿ ಢಿಕ್ಕಿ. ಇಬ್ಬರೂ ಔಟ್. ಹಾರ್ವಿ ಚಾಂಪಿಯನ್. ಬೇಕಂತ ಗುದ್ದಿದ್ದಾ, ಅವಸರಕ್ಕೆ ಆದದ್ದಾ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಸರಿ, ನಿಮ್ಮ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಇದ್ದ ಮೇಲೆ ಆಗಿನ ರೇಸೇ ಚೆನ್ನಾಗಿತ್ತು ಅಂತ ಆಯಿತಲ್ಲ?

ಇಲ್ಲ. ಇಲ್ಲೇ ನನ್ನ ತಕರಾರು.

ಆಗ ಬಿಬಿಸಿಯಲ್ಲಿ ಜನ ನೋಡಿದ್ದು ಪೂರ್ತಿ ರೇಸ್ ಅಲ್ಲ, ಎಡಿಟ್ ಮಾಡಿದ ಮುಖ್ಯಾಂಶ. ಢಿಕ್ಕಿ, ಓವರ್‌ಟೇಕ್, ಜಗಳ ಇವನ್ನೆಲ್ಲ ಆಯ್ದು ಜೋಡಿಸಿ, ಮೇಲೆ ವಾಕರ್ ಅವರ ಏರುದನಿ ಸೇರಿಸಿ ಕೊಡುತ್ತಿದ್ದರು. ಊಟದಲ್ಲಿ ಒಬ್ಬಟ್ಟು ಮಾತ್ರ ಬಡಿಸಿದ ಹಾಗೆ. ನಡುವೆ ಹತ್ತಾರು ಲ್ಯಾಪ್ ಏನೂ ನಡೆಯದೆ ಕಾರುಗಳು ರೈಲು ಡಬ್ಬಿಗಳ ಥರ ಒಂದರ ಹಿಂದೊಂದು ಹೋಗಿದ್ದನ್ನು ಮನೆಯಲ್ಲಿ ಕೂತವರು ನೋಡಲೇ ಇಲ್ಲ. ರೆಕ್ಕೆಗಳು ಬಂದ ಮೇಲಂತೂ ಇನ್ನೊಂದು ಕಾರಿನ ಬೆನ್ನಿಗೆ ಅಂಟಿಕೊಂಡು ತಿರುವು ತೆಗೆದುಕೊಳ್ಳುವುದೇ ಕಷ್ಟವಾಯಿತು. 1996ರಲ್ಲಿ ಫ್ರಾಂಕ್ ಬೀಲಾ ಅವರ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಆಡಿ ಎ4 ಕ್ವಾಟ್ರೊ ಹತ್ತಿರಕ್ಕೂ ಯಾರೂ ಸುಳಿಯಲಿಲ್ಲ. 1997ರಲ್ಲಿ ಆಲನ್ ಮೆನು ಅವರ ರೆನೊ ಲಗೂನಾದ್ದೂ ಅದೇ ಕಥೆ. ಚಾಂಪಿಯನ್‌ಷಿಪ್ ಲೆಕ್ಕದಲ್ಲಿ ಅವು ಸಪ್ಪೆ ವರ್ಷಗಳು.

ಈಗಿನ ಬ್ರಿಟಿಷ್ ಚಾಂಪಿಯನ್‌ಷಿಪ್ ನೋಡಿ. ಒಂದೇ ದಿನ ಮೂರು ರೇಸ್, ಟಿವಿಯಲ್ಲಿ ದಿನವಿಡೀ ನೇರ ಪ್ರಸಾರ. ಗೆಲ್ಲುತ್ತಾ ಹೋದವರಿಗೆ ಮೊದಲೆಲ್ಲ ಕಾರಿಗೆ ತೂಕ ಕಟ್ಟುತ್ತಿದ್ದರು, ಈಚೆಗೆ ಪವರ್ ಕಡಿಮೆ ಮಾಡುತ್ತಾರೆ. ಮೂರನೇ ರೇಸಿನಲ್ಲಿ ಮುಂದಿನ ಸಾಲುಗಳನ್ನು ಉಲ್ಟಾ ಮಾಡಿ ನಿಲ್ಲಿಸುತ್ತಾರೆ. ಹಾಗಾಗಿ ಗುದ್ದಾಟಕ್ಕೆ ಕೊರತೆ ಇಲ್ಲ, ಗೆಲ್ಲುವವರೂ ಜಾಸ್ತಿ. ಸುಮ್ನೆ ಓವರ್‌ಟೇಕ್ ಎಣಿಸುತ್ತಾ ಕೂತರೆ ಈಗಿನದೇ ಮೇಲು ಅಂತ ನನ್ನ ಲೆಕ್ಕ.

ಹಾಗಾದರೆ ಜನ ಯಾವುದಕ್ಕೆ ಹಂಬಲಿಸುತ್ತಾರೆ? ಆ ಬೊಂಬೆ ನಾಯಿಯನ್ನು ನೆನಪಿಸಿಕೊಳ್ಳಿ. ಸೋತ ವೋಲ್ವೊ ಯಾಕೆ ಉಳಿಯಿತು? ಅಂಥದೇ ಕಾರು ಪಕ್ಕದ ಮನೆಯ ಮುಂದೆ ನಿಂತಿರುತ್ತಿತ್ತು, ಅದಕ್ಕೆ. ಆಗಿನ ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಕ್ಯಾವಲಿಯರ್, ಫೋರ್ಡ್ ಮೊಂಡಿಯೊ ಅಂದರೆ ಸೇಲ್ಸ್ ಕೆಲಸದವರಿಗೆ ಕಂಪನಿ ಕೊಡುವ ಕಾರು. ಅದನ್ನು ಓಡಿಸುವವರಿಗೇ ಅದರ ಮೇಲೆ ಗೌರವ ಇರಲಿಲ್ಲ. ಅಂಥ ಕಾರನ್ನು ತಯಾರು ಮಾಡೋಕೆ ಅತಿರಥರನ್ನು ಇಟ್ಟರು. ರೆನೊಗೆ ಕಾರು ಕಟ್ಟಿಕೊಟ್ಟದ್ದು ಫಾರ್ಮುಲಾ ಒನ್‌ನ ವಿಲಿಯಮ್ಸ್ ತಂಡ. 1992ರ ಫಾರ್ಮುಲಾ ಒನ್ ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ 1998ರಲ್ಲಿ ಡೋನಿಂಗ್ಟನ್ ಟ್ರ್ಯಾಕಿಗೆ ಬಂದು, ಮಳೆಯಲ್ಲಿ ಮೊಂಡಿಯೊ ಓಡಿಸಿ, ನಡುವೆ ಮುಂದಾಳಾಗಿ, ಕೊನೆಗೆ ಐದನೆಯವರಾದರು. ಅಪ್ಪ ದಿನಾ ಆಫೀಸಿಗೆ ತಗೊಂಡು ಹೋಗುವ ಕಾರನ್ನು ಟಿವಿಯಲ್ಲಿ ಮ್ಯಾನ್ಸೆಲ್ ಓಡಿಸುತ್ತಿದ್ದರೆ ಹತ್ತು ವರ್ಷದ ಮಗುವಿಗೆ ಹೇಗಾಗಿರಬೇಡ?

ಒಳಗೆ ಅದು ಅಪ್ಪನ ಕಾರು ಆಗಿರಲಿಲ್ಲ ಅನ್ನುವುದು ಬೇರೆ ಮಾತು. ತೂಕ ಹಿಂದಕ್ಕೆ, ಕೆಳಕ್ಕೆ ಬರಲಿ ಅಂತ ಎಂಜಿನ್ ತಗ್ಗಿಸಿ ಕೂರಿಸುತ್ತಿದ್ದರು. ಡ್ರೈವರ್ ಸೀಟು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ, ಕಾರಿನ ನಡುಮಧ್ಯಕ್ಕೆ ಸರಿಯುತ್ತಾ ಹೋಯಿತು. ಕೊನೆಕೊನೆಗೆ ಡ್ರೈವರ್ ಅರ್ಧ ಹಿಂದಿನ ಸೀಟಿನಲ್ಲೇ ಕೂತಹಾಗೆ ಕಾಣುತ್ತಿತ್ತು. ಹೊರಗಿನ ತಗಡು ಮಾತ್ರ ಮನೆ ಕಾರಿನದು.

ಆ ಹೊನ್ನಿನ ಕಾಲವನ್ನು ಮುಗಿಸಿದ್ದೂ ಇದೇ. ಇಂಥ ಕಾರು ಕಟ್ಟೋಕೆ ಸುರಿಯುವ ದುಡ್ಡಿಗೆ ಮಿತಿ ಇರಲಿಲ್ಲ. ಒಬ್ಬರು ಸುರಿದರೆ ಇನ್ನೊಬ್ಬರೂ ಸುರಿಯಬೇಕು, ಗೆಲ್ಲುವವರು ಮಾತ್ರ ಒಬ್ಬರೇ. 1998ರಲ್ಲಿ ಎಂಟು ಕಂಪನಿಗಳಿದ್ದವು. ಆ ವರ್ಷ ಮುಗಿದಾಗ ಆಡಿ, ಪ್ಯೂಜೊ ಎದ್ದು ಹೋದವು. 1999 ಮುಗಿಯುತ್ತಲೇ ರೆನೊ, ವೋಲ್ವೊ ಹೊರಟವು, ಚಾಂಪಿಯನ್‌ಷಿಪ್ ಗೆದ್ದ ನಿಸಾನ್ ಕೂಡ ಹೊರಟಿತು. 2000ದಲ್ಲಿ ಉಳಿದದ್ದು ಫೋರ್ಡ್, ಹೋಂಡಾ, ವಾಕ್ಸ್‌ಹಾಲ್ ಮೂರೇ. ಫೋರ್ಡ್‌ನ ಮೂವರು ಡ್ರೈವರ್‌ಗಳೇ ಮೊದಲ ಮೂರು ಸ್ಥಾನ ಹಂಚಿಕೊಂಡರು. 2001ಕ್ಕೆ ಖರ್ಚು ತಗ್ಗಿಸುವ ಹೊಸ ನಿಯಮ ಬಂತು. ಜರ್ಮನಿಯ ಡಿಟಿಎಂ ಅನ್ನುವ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಇದೇ ದಾರಿಯಲ್ಲಿ 1996ರಲ್ಲೇ ಕುಸಿದಿತ್ತು. ಅಂದರೆ ಮನೆ ಕಾರನ್ನು ಹೀರೊ ಮಾಡಿದ ದುಡ್ಡೇ ಅದನ್ನು ಮುಳುಗಿಸಿತು. ಖರ್ಚಿಗೆ ಕಡಿವಾಣ ಇದ್ದಿದ್ದರೆ ಇನ್ನೂ ಹತ್ತು ವರ್ಷ ನಡೆಯುತ್ತಿತ್ತೇನೋ. ಆದರೆ ಯಾರೂ ಇಷ್ಟು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಇನ್ನೊಂದು ಏಟು ಆಮೇಲೆ ಬಂತು, ಅದೂ ರೇಸ್ ಟ್ರ್ಯಾಕಿನ ಹೊರಗೆ. ಆ ಕಾರುಗಳ ಜಾತಿಯೇ ಅಳಿಯುತ್ತಾ ಬಂದಿದೆ. ನಿಸಾನ್ ಪ್ರೈಮೆರಾ ಹೋಯಿತು, ರೆನೊ ಲಗೂನಾ ಹೋಯಿತು. ಯೂರೋಪಿನಲ್ಲಿ ಮೊಂಡಿಯೊ ತಯಾರಿಕೆ 2022ರಲ್ಲಿ ನಿಂತಿತು. ಈಗ ಎಲ್ಲ ಕಡೆ ಎಸ್‌ಯುವಿ. ಆಸ್ಟ್ರೇಲಿಯಾದವರನ್ನು ಕೇಳಿದರೆ ಅವರ ಹೊನ್ನಿನ ಕಾಲ ಬೇರೆ. ಬ್ಯಾಥರ್ಸ್ಟ್ ಟ್ರ್ಯಾಕಿನಲ್ಲಿ ಫೋರ್ಡ್ ಫಾಲ್ಕನ್‌ಗೂ ಅವರದೇ ದೇಶದ ಹೋಲ್ಡನ್ ಕಾರುಗಳಿಗೂ ನಡೆಯುತ್ತಿದ್ದ ಯುದ್ಧವನ್ನೇ ಅವರು ನೆನೆಯುವುದು. ಅಲ್ಲೂ ಕಥೆ ಅದೇ. ಫಾಲ್ಕನ್ ತಯಾರಿಕೆ 2016ರಲ್ಲಿ ನಿಂತಿತು, ಹೋಲ್ಡನ್ ಕಾರ್ಖಾನೆ 2017ರಲ್ಲಿ ಮುಚ್ಚಿತು. ರೇಸ್ ಇನ್ನೂ ಇದೆ, ಮನೆ ಮುಂದೆ ನಿಂತಿರುತ್ತಿದ್ದ ಆ ಕಾರು ಇಲ್ಲ. ಅಭಿಮಾನಿಗಳು "ರೇಸ್ ಚೆನ್ನಾಗಿತ್ತು" ಅಂದಾಗ ನನಗೆ ಕೇಳಿಸುವುದು "ನಮ್ಮ ಕಾರು ಅಲ್ಲಿತ್ತು" ಅಂತ. ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ರನ್‌ವೇ ಮೇಲೆ ಫಿಯಟ್‌ಗಳು ಓಡಿದ್ದನ್ನು ನೋಡಿ ಬಂದ ಬೆಂಗಳೂರಿನ ಹಿರಿಯರ ಮಾತಿನಲ್ಲೂ ಅದೇ ದನಿ.

ನನ್ನದು ಎರವಲು ನೆನಪು, ಹೇಳಿಬಿಡುತ್ತೇನೆ. ಇದರಲ್ಲಿ ಒಂದು ರೇಸನ್ನೂ ನಾನು ಎದುರು ಕೂತು ನೋಡಿದವನಲ್ಲ. 1997ರಲ್ಲಿ ಬಂದ 'ಟೋಕಾ' ಕಂಪ್ಯೂಟರ್ ಗೇಮ್ ಮೂಲಕ ಈ ಹುಚ್ಚು ಹತ್ತಿದ್ದು. ಗೆಳೆಯನ ಮನೆಯಲ್ಲಿ, ಕೀಬೋರ್ಡಿನ ಬಾಣದ ಗುಂಡಿ ಒತ್ತುತ್ತಾ, ಎಲ್ಲಿದೆ ಅಂತಲೂ ಗೊತ್ತಿಲ್ಲದ ಥ್ರಕ್ಸ್‌ಟನ್ ಟ್ರ್ಯಾಕಿನಲ್ಲಿ ಲಗೂನಾ ಓಡಿಸಿ ಎಲ್ಲರನ್ನೂ ಗುದ್ದಿದ್ದೇವೆ. ಮೊಂಡಿಯೊ 2001ರಲ್ಲಿ ನಮ್ಮ ದೇಶಕ್ಕೂ ಬಂತು, ಜಾಸ್ತಿ ದಿನ ನಡೆಯಲಿಲ್ಲ. ಕೆಲವು ತಿಂಗಳ ಹಿಂದೆ ಜಯನಗರದ ಸಿಗ್ನಲ್ಲಿನಲ್ಲಿ ಅಂಥದೊಂದು ಹಳೇ ಮೊಂಡಿಯೊ ನನ್ನ ಸ್ಕೂಟರ್ ಪಕ್ಕ ಬಂದು ನಿಂತಿತು. ಬಣ್ಣ ಮಾಸಿತ್ತು. ನಾನು ಮೊದಲು ನೋಡಿದ್ದು ಡ್ರೈವರ್ ಸೀಟು ಎಲ್ಲಿದೆ ಅಂತ. ಇರಬೇಕಾದ ಜಾಗದಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಎರಡು ಅಕ್ಕಿ ಮೂಟೆ.